ಗಾಯಗೊಂಡ ಆಳು ಹಗುರ ಕೆಲಸಕ್ಕೆ ಬಂದರೆ ಪರಿಹಾರ ನಿಲ್ಲುವುದೇ?

ಕೊಯ್ಲಿನ ದಿನಗಳಲ್ಲಿ ಸಂಘದ ಕಚೇರಿಗೆ ಬರುವ ಸದಸ್ಯರು ಧಾರಣೆ ವಿಚಾರಿಸಿದ ಮೇಲೆ ಕೇಳುವ ಪ್ರಶ್ನೆಯೊಂದಿದೆ. ಅಡಿಕೆ ಮರದಿಂದ ಬಿದ್ದ ಆಳಿಗೆ ಪರಿಹಾರ ಕೊಡುತ್ತಿದ್ದೇವೆ. ಈಗ ಅವನೇ ಬಂದು, “ಮರ ಹತ್ತಾಕಾಗಲ್ಲ ಯಜಮಾನ್ರೆ, ಕೂತ್ಕೊಂಡು ಕಾಯಿ ಸುಲೀತೀನಿ” ಎನ್ನುತ್ತಾನೆ. ಕೆಲಸ ಕೊಡಬಹುದೇ? ಕೊಟ್ಟರೆ ಪರಿಹಾರ ನಿಲ್ಲಿಸಬಹುದೇ?

ವೈದ್ಯರ ಒಪ್ಪಿಗೆ ಇದ್ದರೆ ಕೆಲಸ ಕೊಡಬಹುದು. ನಿಲ್ಲಿಸುವ ವಿಚಾರದಲ್ಲಿ ಮಾತ್ರ ಆತುರ ಕೂಡದು.

ಕಾರ್ಮಿಕರ ಪರಿಹಾರದ ಕಾನೂನು 1923ರಷ್ಟು ಹಳೆಯದು. 2025ರ ನವೆಂಬರ್ 21ರಿಂದ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ತಿರುಳು ಬಹುಮಟ್ಟಿಗೆ ಹಿಂದಿನದೇ. ತೋಟಗಾರಿಕೆ ಕೆಲಸವೂ ಅದರ ಪಟ್ಟಿಯಲ್ಲಿರುವುದರಿಂದ, ‘ನಮ್ಮದು ಸಣ್ಣ ತೋಟ, ನಮಗೆ ಅನ್ವಯಿಸದು’ ಎಂದು ಸುಮ್ಮನಿರುವಂತಿಲ್ಲ.

ಗಾಯ ವಾಸಿಯಾಗುವ ತನಕದ ತಾತ್ಕಾಲಿಕ ಅಶಕ್ತತೆಗೆ ಹದಿನೈದು ದಿನಕ್ಕೊಮ್ಮೆ, ತಿಂಗಳ ಕೂಲಿಯ ನೂರಕ್ಕೆ 25ರಷ್ಟು ಕೊಡಬೇಕು. ತಿಂಗಳಿಗೆ 12,000 ರೂ. ದುಡಿಯುತ್ತಿದ್ದವನಿಗೆ ಕಂತು 3,000, ತಿಂಗಳಿಗೆ 6,000 ರೂ. ಅವನು ಹಗುರ ಕೆಲಸಕ್ಕೆ ಬಂದಾಗಿನ ಲೆಕ್ಕವನ್ನೂ ಕಾನೂನೇ ಹೇಳಿದೆ: ಹಿಂದಿನ ಕೂಲಿಯ ಅರ್ಧದಲ್ಲಿ ಈಗಿನ ಗಳಿಕೆಯ ಅರ್ಧವನ್ನು ಕಳೆದು ಉಳಿಯುವುದಕ್ಕಿಂತ ಕಂತು ಹೆಚ್ಚಾಗಬಾರದು. ಸುಲಿಯುವ ಕೆಲಸದಲ್ಲಿ ತಿಂಗಳಿಗೆ 8,000 ರೂ. ಬಂದರೆ 6,000ದಲ್ಲಿ 4,000 ಕಳೆದು ಕಂತು 2,000 ರೂ. ಆಗುತ್ತದೆ. ಕೂಲಿ 8,000, ಎರಡು ಕಂತು 4,000, ಒಟ್ಟು ಹಿಂದಿನ 12,000ವೇ. ಬರೀ 5,000 ರೂ. ಗಳಿಸಿದರೆ ಮಿತಿ 3,500ಕ್ಕೆ ಏರುವುದರಿಂದ ಕಂತು 3,000 ಪೂರ್ತಿ ಸಲ್ಲಬೇಕು. ಅಂದರೆ ದುಡಿದವನಿಗೆ ನಷ್ಟವಿಲ್ಲ, ಯಜಮಾನನಿಗೂ ಎರಡು ಸಲ ಕೊಡುವ ಹೊರೆಯಿಲ್ಲ. ಕಾನೂನು ಮಾಡಿದವರಲ್ಲಿ ಯಾರೋ ಒಬ್ಬರು ಕಣ ಕಂಡವರಿದ್ದಿರಬೇಕು! ಆಸ್ಪತ್ರೆಯ ಖರ್ಚು ಬೇರೆ ಬಾಬತ್ತು. ಅದನ್ನು ಪರಿಹಾರದಲ್ಲಿ ಮುರಿದುಕೊಳ್ಳಕೂಡದು.

ಶಾಶ್ವತ ಊನದ ಮಾತು ಬೇರೆ. ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿ ನೂರಕ್ಕೆ 30ರಷ್ಟು ನಷ್ಟವೆಂದು ಅನುಸೂಚಿಯಲ್ಲಿದೆ. 40 ವರ್ಷದ, 12,000 ರೂ. ಕೂಲಿಯವನಿಗೆ ಅದು 3,97,807 ರೂ. ಆಗುತ್ತದೆ: ಕೂಲಿಯ ನೂರಕ್ಕೆ 60 ಭಾಗವನ್ನು ಆ ವಯಸ್ಸಿನ ಗುಣಕ 184.17ರಿಂದ ಗುಣಿಸಿ, ಅದರ ನೂರಕ್ಕೆ 30. ಇದು ಕಳೆದುಹೋದ ಬೆರಳಿಗೆ, ಕಳೆದ ದಿನಗಳಿಗಲ್ಲ. ಮಾರನೆಯ ದಿನವೇ ಅವನು ಕೆಲಸಕ್ಕೆ ಬಂದರೂ ಹಣ ಕಡಿಮೆಯಾಗದು. ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಪ್ರಕರಣದಲ್ಲಿ, ಒಂದು ಕೈಯಲ್ಲಿ ಬಡಗಿ ಕೆಲಸ ಸಾಧ್ಯವಿಲ್ಲವೆಂದು ನಷ್ಟವನ್ನು ಪೂರ್ಣವೆಂದೇ ಎಣಿಸಿದ್ದನ್ನು ಸುಪ್ರೀಂ ಕೋರ್ಟು 1975ರಲ್ಲಿ ಎತ್ತಿಹಿಡಿಯಿತು. ಸೊಂಟ ಮುರಿದು ಮರ ಹತ್ತಲಾಗದವನ ಬಗೆಗೂ ಈ ತೀರ್ಪನ್ನು ನೆನೆಯಬೇಕು. ಅವನು ಕೂತು ಸುಲಿಯಬಲ್ಲ ಎಂಬುದೊಂದೇ ಪೂರ್ತಿ ಉತ್ತರವಾಗದು. ‘ಇಷ್ಟಕ್ಕೆ ಒಪ್ಪಿದ್ದೇನೆ, ಮುಂದೆ ಏನನ್ನೂ ಕೇಳೆನು’ ಎಂದು ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದಕ್ಕಂತೂ ಬೆಲೆಯಿಲ್ಲ.

ಇನ್ನು ನಮ್ಮ ಮನೆಗಳ ಸಂಗತಿ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಮಕ್ಕಳು ನಮ್ಮ ಅನೇಕ ಸದಸ್ಯರಿಗಿದ್ದಾರೆ. ಅವರಿಗಿರುವ ಇ.ಎಸ್.ಐ. ನಿಯಮ ಮೇಲಿನದಕ್ಕೆ ತೀರ ತಿರುಗು. ಕಾಯಿಲೆ ಭತ್ಯೆ ಕೂಲಿಯ ನೂರಕ್ಕೆ 70ರಂತೆ, ಕೆಲಸದಲ್ಲಾದ ಗಾಯದ ತಾತ್ಕಾಲಿಕ ಭತ್ಯೆ 90ರಂತೆ. ಆದರೆ ಕೆಲಸ ಮಾಡಿದ ದಿನಕ್ಕೆ ಎರಡೂ ಇಲ್ಲ. ಅರ್ಧ ದಿನದ ಲೆಕ್ಕಾಚಾರವೂ ಇಲ್ಲ. ಜೊತೆಗೆ, ಭತ್ಯೆ ಪಡೆಯುವವನು ಚಿಕಿತ್ಸೆಯಲ್ಲಿರಬೇಕು, ಗುಣವಾಗುವುದಕ್ಕೆ ಅಡ್ಡಿಯಾಗುವ ಏನನ್ನೂ ಮಾಡಬಾರದು, ಅನುಮತಿಯಿಲ್ಲದೆ ಊರು ಬಿಡಬಾರದು. ಬೆನ್ನು ನೋವೆಂದು ರಜೆ ಬರೆಸಿಕೊಂಡ ಮಗನ ಕೈಯಲ್ಲಿ, ಮನೆಯ ಕೆಲಸ ತಾನೆ ಎಂದು ಅಡಿಕೆ ಮೂಟೆ ಹೊರಿಸಿದರೆ ಭತ್ಯೆಯೇ ಕೈತಪ್ಪೀತು. ಪಡೆದದ್ದನ್ನು ಹಿಂದಿರುಗಿಸಬೇಕಾಗಿ ಬಂದೀತು. ಆಳಿಲ್ಲದ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ, ಆದರೂ ಆ ದಿನಗಳಲ್ಲಿ ಅವನನ್ನು ತೋಟಕ್ಕೆ ಕರೆಯದಿರುವುದೇ ಲೇಸು. ಇ.ಎಸ್.ಐ.ನ ಶಾಶ್ವತ ಊನದ ಮಾಸಿಕ ಹಣವಾದರೋ ಜೀವಮಾನವಿಡೀ ಬರುತ್ತದೆ; ಅದೇ ಕಾರ್ಖಾನೆಗೆ ಮರಳಿ ಪೂರ್ತಿ ಸಂಬಳ ಪಡೆದರೂ ನಿಲ್ಲದು.

ಸರ್ಕಾರದ ಅಂಗವಿಕಲ ವೇತನಕ್ಕೆ ನೂರಕ್ಕೆ 40ರಷ್ಟಾದರೂ ಊನವಿರಬೇಕು, ಕುಟುಂಬದ ಆದಾಯ ಮಿತಿಯೊಳಗಿರಬೇಕು. ಕೂಲಿಗೆ ಹೋದನೆಂಬ ಮಾತ್ರಕ್ಕೆ ಅದು ರದ್ದಾಗದು, ನೋಡುವುದು ಆದಾಯವನ್ನು. ಅರ್ಜಿ ಕೊಡುವ ಸ್ಥಳ ನಾಡಕಚೇರಿ.

ಸದಸ್ಯರು ಈಗ ಮಾಡಬೇಕಾದ್ದು ಇಷ್ಟು. ಹಾಜರಿ ಪುಸ್ತಕದಲ್ಲಿ ಗಾಯವಾದ ದಿನ, ಅದಕ್ಕೆ ಹಿಂದಿನ ಕೂಲಿ, ಹಗುರ ಕೆಲಸ ಆರಂಭಿಸಿದ ದಿನ ಹಾಗೂ ಅದರ ಕೂಲಿ, ಇವನ್ನು ಬೇರೆ ಬೇರೆ ಬರೆದಿಡಿ. ಕೊಟ್ಟ ಪ್ರತಿ ಕಂತಿಗೂ ರಸೀತಿ ಪಡೆಯಿರಿ. ಕೊಯ್ಲಿಗೆ ಮೊದಲೇ ಕಾರ್ಮಿಕ ಪರಿಹಾರದ ವಿಮೆ ಮಾಡಿಸಿ; ವಿಮೆಯ ಕಾಗದದಲ್ಲಿ ಮರ ಹತ್ತುವ ಕೆಲಸವನ್ನು ನಮೂದಿಸಿದ್ದಾರೆಯೇ ಎಂದು ಓದಿ ನೋಡಿಯೇ ಸಹಿ ಹಾಕಿ.