60 ಅಡಿಗೆ ಸೋತ ಕೈ, 300 ಅಡಿಗೆ ಗೆದ್ದ ಕೈ

ನೆಲಕ್ಕೆ ಒಮ್ಮೆಯೂ ತಾಕದೆ ಬಂತು ಚೆಂಡು! 2008ರ ಮೇ 6, ಡೆನ್ವರ್‌ನ ಕೂರ್ಸ್ ಫೀಲ್ಡ್ ಬೇಸ್‌ಬಾಲ್ ಮೈದಾನ. ಆ ವರ್ಷ ಅಮೆರಿಕದ ಮೇಜರ್ ಲೀಗಿನಲ್ಲೇ ಎದುರಾಳಿಯ ಕಣ್ತಪ್ಪಿಸಿ ಅತಿ ಹೆಚ್ಚು ಬೇಸ್ ಕದ್ದ ಮಿಂಚಿನ ಓಟಗಾರ ವಿಲ್ಲಿ ಟವೆರಸ್ ಚೆಂಡನ್ನು ದೂರಕ್ಕೆ ಬಾರಿಸಿ, ಎರಡನೇ ಬೇಸ್ ದಾಟಿ ಮೂರನೆಯದಕ್ಕೆ ಧಾವಿಸುತ್ತಿದ್ದ. ಅತ್ತ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಸೆಂಟರ್ ಫೀಲ್ಡರ್ ಚೆಂಡೆತ್ತಿಕೊಂಡು ಎಡಗೈ ಬೀಸಿದ. ಸುಮಾರು 300 ಅಡಿ! ಮೂರನೇ ಬೇಸಿನಲ್ಲಿ ಕಾದಿದ್ದವನ ಗ್ಲೌಸಿಗೇ ನೇರ ಬಂದು ಬಿತ್ತು. ಟವೆರಸ್ ಔಟ್. ಒಂದು ಸಲವಾದರೆ ಅದೃಷ್ಟ ಎನ್ನಬಹುದಿತ್ತು. ಅದೇ ಪಂದ್ಯದಲ್ಲಿ ಮುಂದೆ ಒಮರ್ ಕ್ವಿಂಟನಿಯ್ಯಾಗೂ ಅದೇ ಗತಿ, ಅದೇ ಕೈ, ಅದೇ ಬೇಸ್!

ಎಸೆದವನು ಯಾರೆಂದು ತಿಳಿದ ಮೇಲಂತೂ ನನಗೆ ಆ ಎಸೆತಗಳ ವಿಡಿಯೊ ಬಿಟ್ಟು ಏಳಲಾಗಲಿಲ್ಲ. ರಿಕ್ ಆಂಕೀಲ್. ಬರೀ 60 ಅಡಿ ದೂರಕ್ಕೆ ಚೆಂಡನ್ನು ನೆಟ್ಟಗೆ ಎಸೆಯಲಾಗದೆ, ಅದಕ್ಕೆ ಎಂಟು ವರ್ಷ ಹಿಂದೆ ದೇಶವೆಲ್ಲ ನೋಡುತ್ತಿರುವಾಗ ಕುಸಿದುಹೋದವನು!

ಆಗ ಅವನು ಇದೇ ಕಾರ್ಡಿನಲ್ಸ್ ತಂಡದ ಪಿಚರ್, ಅಂದರೆ 60 ಅಡಿ ಆಚೆಯ ಬ್ಯಾಟರ್‌ಗೆ ಚೆಂಡೆಸೆಯುವವನು. ಫ್ಲಾರಿಡಾದ ಹೈಸ್ಕೂಲಿನಿಂದ 1997ರಲ್ಲಿ ನೇರ ಆಯ್ಕೆಯಾಗಿ, ಸಹಿ ಹಾಕಿದ್ದಕ್ಕೇ 25 ಲಕ್ಷ ಡಾಲರ್ ಪಡೆದ ಹುಡುಗ. 2000ದ ಋತುವಿನಲ್ಲಿ 194 ಸ್ಟ್ರೈಕ್‌ಔಟ್, ಅಂದರೆ ಚೆಂಡು ಬಾರಿಸಲು ಬಿಡದೆ ಔಟ್ ಮಾಡಿದ್ದು 194 ಸಲ. ಅಕ್ಟೋಬರ್ 3ರಂದು ಅಟ್ಲಾಂಟಾ ಬ್ರೇವ್ಸ್ ವಿರುದ್ಧ ಪ್ಲೇಆಫ್‌ನ ಮೊದಲ ಪಂದ್ಯ. ಚೆಂಡು 21ರ ಈ ಹುಡುಗನ ಕೈಯಲ್ಲಿ. ಮೂರನೇ ಇನ್ನಿಂಗ್ಸ್‌ನಲ್ಲಿ ಇದ್ದಕ್ಕಿದ್ದಂತೆ ಏನೋ ಆಗಿಹೋಯಿತು. ಬ್ಯಾಟರ್ ಹಿಂದೆ ಕೂತ ಕ್ಯಾಚರ್‌ಗೂ ಸಿಗದಂತೆ ಚೆಂಡು ಎತ್ತೆತ್ತಲೋ ಹಾರತೊಡಗಿತು. ನಮ್ಮ ಕ್ರಿಕೆಟ್ಟಿನಲ್ಲಿ ವಿಕೆಟ್ ಕೀಪರನ್ನೂ ದಾಟಿ ಬೌಂಡರಿಗೆ ಓಡುವ ವೈಡ್ ಇದೆಯಲ್ಲ, ಹಾಗೆ. ಒಂದೇ ಇನ್ನಿಂಗ್ಸ್‌ನಲ್ಲಿ ಐದು 'ವೈಲ್ಡ್ ಪಿಚ್'! 1890ರ ನಂತರ ಮೇಜರ್ ಲೀಗ್ ಅಂಥದ್ದನ್ನು ಕಂಡೇ ಇರಲಿಲ್ಲ.

ಗಾಯವಾಗಿರಲಿಲ್ಲ, ಕೈಯ ಬಲವೂ ಕುಂದಿರಲಿಲ್ಲ. ಆದರೂ ಎಸೆತ ಮರಳಲಿಲ್ಲ. ಕೆಳಹಂತದ ಮೈನರ್ ಲೀಗಿಗೆ ಇಳಿದ. ಆಮೇಲೆ ಮೊಣಕೈ ಶಸ್ತ್ರಚಿಕಿತ್ಸೆಯೂ ಆಯಿತು. 2004ರಲ್ಲಿ ಮತ್ತೆ ಮೇಜರ್ ಲೀಗಿನಲ್ಲಿ ಪಿಚ್ ಮಾಡಿದ, ಚೆನ್ನಾಗಿಯೇ ಮಾಡಿದ. ಮುಂದಿನ ಮಾರ್ಚ್‌ನಲ್ಲಿ ಸಾಕೆಂದುಬಿಟ್ಟ. ಇನ್ನು ನಾನು ಮೈದಾನದ ದೂರದ ಭಾಗ ಕಾಯುವ ಔಟ್‌ಫೀಲ್ಡರ್ ಎಂದ!

25ರ ವಯಸ್ಸಿನಲ್ಲಿ! ಔಟ್‌ಫೀಲ್ಡರ್ ಆದವನು ಚೆನ್ನಾಗಿ ಬ್ಯಾಟ್ ಬೀಸಲೇಬೇಕು. ಗಂಟೆಗೆ 145 ಕಿಲೋಮೀಟರ್ ವೇಗದಲ್ಲಿ ಬರುವ ಚೆಂಡನ್ನು ಹೊಡೆಯುವ ವಿದ್ಯೆಯನ್ನು ಉಳಿದವರು ಹದಿಹರೆಯದಿಂದಲೂ ದಿನದಿನವೂ ತಿದ್ದಿಕೊಂಡಿರುತ್ತಾರೆ. ಇವನು ಅದನ್ನು ಮೈನರ್ ಲೀಗಿನ ಸಣ್ಣ ಊರುಗಳಿಂದ ಹೊಸದಾಗಿ ಶುರುಮಾಡಿದ. ಮೊಣಕಾಲಿನ ಪೆಟ್ಟು 2006ನ್ನೇ ನುಂಗಿತು. 2007ರಲ್ಲಿ ಮೈನರ್ ಲೀಗಿನ ಮೆಂಫಿಸ್ ತಂಡಕ್ಕೆ, ನಮ್ಮ ಸಿಕ್ಸರಿನಂಥ 32 ಹೋಮ್ ರನ್! ಆಗಸ್ಟ್ 9ರಂದು ಕಾರ್ಡಿನಲ್ಸ್ ಅವನನ್ನು ವಾಪಸ್ ಕರೆಸಿಕೊಂಡಿತು. ಬಂದ ರಾತ್ರಿಯೇ, ಏಳನೇ ಇನ್ನಿಂಗ್ಸ್‌ನಲ್ಲಿ, ಮೂರು ರನ್ನಿನ ಹೋಮ್ ರನ್. ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ಎದ್ದು ನಿಂತಿತು. ನಗುವುದೇ ಅಪರೂಪವಾದ ಮ್ಯಾನೇಜರ್ ಟೋನಿ ಲಾ ರೂಸಾ ಮುಖದ ತುಂಬ ನಗು.

ಹಾಗಾದರೆ ಆ ಕೈಗೆ ಮಾತು ಕೇಳುವುದನ್ನು ಮತ್ತೆ ಕಲಿಸಿದ್ದು ಯಾವುದು? ನನಗನ್ನಿಸುವುದು ಇಷ್ಟು: ಪಿಚರ್ ಚೆಂಡು ಹಿಡಿದು ಒಬ್ಬನೇ ನಿಲ್ಲುತ್ತಾನೆ, ಮೈದಾನವೆಲ್ಲ ಅವನಿಗಾಗಿ ಕಾಯುತ್ತದೆ, ಅಷ್ಟರಲ್ಲಿ ಭಯ ಬಂದು ಪಕ್ಕದಲ್ಲೇ ನಿಂತಿರುತ್ತದೆ. ಔಟ್‌ಫೀಲ್ಡರ್‌ಗೆ ಆ ಪುರಸೊತ್ತೇ ಇಲ್ಲ. ಓಡು, ಎತ್ತು, ಬೀಸು. ದೂರ ಐದು ಪಟ್ಟು ಹೆಚ್ಚಿತು, ಯೋಚನೆಗೆ ಜಾಗ ಮಾತ್ರ ಇಲ್ಲವಾಯಿತು!

ಬೆರಗು ಇಲ್ಲಿಗೂ ಮುಗಿಯುವುದಿಲ್ಲ. 2010ರ ಅಕ್ಟೋಬರ್ 8, ಮತ್ತೆ ಪ್ಲೇಆಫ್, ಸ್ಯಾನ್ ಫ್ರಾನ್ಸಿಸ್ಕೊ. 11ನೇ ಇನ್ನಿಂಗ್ಸ್‌ನಲ್ಲಿ ಆಂಕೀಲ್ ಹೊಡೆದ ಚೆಂಡು ಕ್ರೀಡಾಂಗಣವನ್ನೇ ದಾಟಿ ಪಕ್ಕದ ಮೆಕವಿ ಕೋವ್ ಕೊಲ್ಲಿಯ ನೀರಿಗೆ ಬಿದ್ದು ಪಂದ್ಯ ಗೆಲ್ಲಿಸಿಕೊಟ್ಟಿತು. ಆಗ ಅವನು ಯಾವ ತಂಡದಲ್ಲಿದ್ದ ಗೊತ್ತೇ? 2000ದಲ್ಲಿ ಯಾರೆದುರು ಕುಸಿದಿದ್ದನೋ ಅದೇ ಅಟ್ಲಾಂಟಾ ಬ್ರೇವ್ಸ್! ಪ್ಲೇಆಫ್ ಪಂದ್ಯವೊಂದನ್ನು ಪಿಚರ್ ಆಗಿ ಆರಂಭಿಸಿ, ಇನ್ನೊಂದರಲ್ಲಿ ಫೀಲ್ಡರ್ ಆಗಿ ಹೋಮ್ ರನ್ ಹೊಡೆದವರು ಅವನಿಗಿಂತ ಮೊದಲು ಒಬ್ಬರೇ ಇದ್ದರು, ಬೇಸ್‌ಬಾಲಿನ ದಂತಕಥೆ ಬೇಬ್ ರೂತ್.