ಬಯಲು ಸೀಮೆಯ ಚಿತ್ರಕ್ಕೆ ಎಂಥ ಲೆನ್ಸು?

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ್ದನ್ನು ನಮ್ಮವರು ಯಾರೂ ಮರೆತಿಲ್ಲ. ಆದರೆ ಅದೇ ದಿನ ಬೀದರ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡಗಳೂ ಗುಲ್ಬರ್ಗ ಜಿಲ್ಲೆಯ ತಾಂಡೂರೂ ಆಂಧ್ರಪ್ರದೇಶದ ಪಾಲಾದವು ಎಂಬುದು ನಮ್ಮ ಮಕ್ಕಳಿಗೆ ತಿಳಿಯದು. 2014ರಿಂದ ಅವು ತೆಲಂಗಾಣದಲ್ಲಿವೆ. ಆ ಸೀಮೆಯ ನಾಲ್ಕು ಚಿತ್ರ ತೆಗೆದು ತಂದು ಶಾಲೆಯ ಗೋಡೆಗೆ ಹಾಕಬೇಕೆಂದು ಕಳೆದ ಕ್ರಿಸ್ಮಸ್ ರಜೆಯಲ್ಲಿ ಕ್ಯಾಮರಾ ಹೆಗಲಿಗೇರಿಸಿ ಹೊರಟೆವು.

ಮೊದಲ ದಿನ ಜಹೀರಾಬಾದಿನ ಹೊಲಗಳಲ್ಲಿ ತೆಗೆದ ಚಿತ್ರಗಳೆಲ್ಲ ಹಾಳು. ಮೇಲರ್ಧ ಆಕಾಶ, ಕೆಳಗರ್ಧ ಮಣ್ಣು, ನಡುವೆ ಒಂದು ಗೆರೆ! ನಮ್ಮೂರಲ್ಲಿ ತೆಂಗಿನ ತೋಟ, ಗುಡ್ಡ ಎಲ್ಲವೂ ಮೈಮೇಲೆ ಬರುವಷ್ಟು ಹತ್ತಿರ. ಪೊಸಡಿಗುಂಪೆ ಹತ್ತಿದರಷ್ಟೆ ದೂರದ ನೋಟ. ಆದುದರಿಂದ ಇಲ್ಲಿಗೆ 24 ಮಿಲಿಮೀಟರಿನ ಅಗಲ ಲೆನ್ಸು ಒಗ್ಗುತ್ತದೆ. ಅದು ಸುಮಾರು 84 ಡಿಗ್ರಿಯ ನೋಟವನ್ನು ಬಾಚಿಕೊಳ್ಳುತ್ತದೆ. ಬಯಲಿನಲ್ಲಿ ಬಾಚಿಕೊಂಡು ಪ್ರಯೋಜನವೇನು? 200 ಮಿಲಿಮೀಟರಿನ ಟೆಲಿಫೋಟೋ ಸುಮಾರು 12 ಡಿಗ್ರಿಯನ್ನಷ್ಟೆ ಹೆಕ್ಕಿ ಕೊಡುತ್ತದೆ. ಆಗ ತೊಗರಿ ಹೊಲ, ಅದರಾಚೆಯ ಬೇವಿನ ಮರ, ಇನ್ನೂ ಆಚೆಯ ಊರು ಒಂದರ ಹಿಂದೊಂದು ಒತ್ತಿ ನಿಂತಂತೆ ಕಾಣುತ್ತವೆ. ಇದು ಲೆನ್ಸಿನ ಮಾಯೆಯೆಂದು ಹಲವರು ತಿಳಿದಿದ್ದಾರೆ. ನಿಜವಾಗಿ ಅದು ನಾವು ನಿಂತ ದೂರದ ಗುಣ. ಲೆನ್ಸು ಆ ತುಂಡನ್ನು ಕತ್ತರಿಸಿ ಕೊಡುತ್ತದೆ, ಅಷ್ಟೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಅಂಗಡಿಯವರು ಮೊದಲು ತೋರಿಸುವುದು 70-200ರ ಎಫ್/2.8. ಎಫ್/4ಕ್ಕಿಂತ ಅದು ಎರಡರಷ್ಟು ಬೆಳಕು ಒಳಬಿಡುತ್ತದೆ, ನಿಜ. ಮದುವೆ ಮನೆಗೆ, ಯಕ್ಷಗಾನದ ರಾತ್ರಿಗೆ ಅದೇ ಬೇಕು. ಹೊಲದ ಚಿತ್ರಕ್ಕೆ ನಾವು ಹೇಗೂ ಕಿಂಡಿಯನ್ನು ಎಫ್/8, ಎಫ್/11ಕ್ಕೆ ಕಿರಿದಾಗಿಸುತ್ತೇವೆ. ಮತ್ತೆ ಅಷ್ಟು ದುಡ್ಡು ತೆತ್ತು, ಒಂದೂವರೆ ಕಿಲೋದಷ್ಟು ಭಾರವನ್ನು ಬಿಸಿಲಲ್ಲಿ ಹೊರುವುದೇಕೆ? ಮೇಷ್ಟ್ರ ಸಂಬಳಕ್ಕೂ ಹೆಗಲಿಗೂ ಎಫ್/4 ಸಾಕು. ಕ್ಯಾಮರಾದ ಸೆನ್ಸರು ಚಿಕ್ಕದಾದರೆ 200 ಎಂಬುದು 300ರಷ್ಟು ಕೆಲಸ ಮಾಡುತ್ತದೆ. 400ರ ಆಸೆ ನಮಗೂ ಇತ್ತು. ಆದರೆ ಹೊತ್ತೇರಿದಂತೆ ಬಯಲಿನ ಗಾಳಿ ಬಿಸಿಲ ಝಳಕ್ಕೆ ನಡುಗುತ್ತದೆ; ಎಷ್ಟು ದೂರ ಎಳೆದರೂ ಚಿತ್ರ ಕಲಸಿದಂತಾಗುತ್ತದೆ. ಬೆಳಗ್ಗೆ ಬೇಗ ಏಳುವುದೇ ಇದಕ್ಕೆ ಮದ್ದು. ಮುಕ್ಕಾಲಿಯೂ ಬೇಕು, ಗಾಳಿ ಬಲು ಜೋರು.

ನಾರಾಯಣಖೇಡದ ಬಳಿ ಹೊಲದಲ್ಲಿದ್ದ ಹಿರಿಯರೊಬ್ಬರು ನಾವು ಮುಕ್ಕಾಲಿ ನೆಡುವುದನ್ನು ಬಹಳ ಹೊತ್ತು ನೋಡಿ, "ಯಾವೂರ್ರೀ ಸರ್ ನಿಮ್ದು?" ಎಂದರು. ಹೇಳಿದೆವು. "ಕೇರಳದಾಗೂ ಕನ್ನಡ ಅದ ಏನ್ರೀ?" ಅವರ ಮುಖದ ಚಿತ್ರ ತೆಗೆಯಲು ಟೆಲಿಫೋಟೋ ಹಿಡಿದು ಹತ್ತು ಹೆಜ್ಜೆ ಹಿಂದೆ ಸರಿಯಲು ಮನಸ್ಸಾಗಲಿಲ್ಲ. ಧೂಳಿನಲ್ಲಿ ಲೆನ್ಸು ಬದಲಿಸಬಾರದೆಂಬುದನ್ನು ಮರೆತು ಬದಲಿಸಿದೆವು. ಸೆನ್ಸರಿನ ಮೇಲೆ ಎರಡು ಚುಕ್ಕೆ ಈಗಲೂ ಇವೆ.

ನಿಜವಾದ ಪೆಟ್ಟು ಬಿದ್ದದ್ದು ತಾಂಡೂರಿನಲ್ಲಿ. ಅಲ್ಲಿನ ಸುಣ್ಣಕಲ್ಲಿನ ಗಣಿಗಳು ನೋಡತಕ್ಕವು. ನೆಲಕ್ಕೆ ಹಾಸುವ ನೀಲಿ, ಹಳದಿ ಚಪ್ಪಡಿಗಳು ಪುಸ್ತಕದ ಹಾಳೆಯಂತೆ ಪದರ ಪದರವಾಗಿ ಏಳುತ್ತವೆ. ಆ ಪದರಗಳನ್ನು ಹಿಡಿಯಲು ಟೆಲಿಫೋಟೋದಂಥದು ಬೇರೊಂದಿಲ್ಲ. ಸಂಜೆಯ ಇಳಿಬಿಸಿಲಿಗೆ ಎದುರಾಗಿ ಕ್ಲಿಕ್ಕಿಸಿದರೆ ಚಿತ್ರವೆಲ್ಲ ಹಾಲು ಚೆಲ್ಲಿದಂತೆ ಬಿಳಿಚಿಕೊಂಡಿತು. ಕರಾವಳಿಯ ಅಂಗಡಿಯೊಂದರಲ್ಲಿ ನಂಬಿ ಕೊಂಡ ಹಳೆಯ ಲೆನ್ಸಿನೊಳಗೆ ಫಂಗಸ್ ಎಂಬ ಬೂಷ್ಟು ಜೇಡರ ಬಲೆಯಂತೆ ಹಬ್ಬಿತ್ತು. ಆಟಿಯ ಮಳೆಯಲ್ಲಿ ಬಟ್ಟೆಗೇ ಬೂಷ್ಟು ಹಿಡಿಯುವ ನಮ್ಮೂರಲ್ಲಿ ಗಾಜು ತಪ್ಪಿಸಿಕೊಂಡೀತೇ? ಬಳಸಿದ ಲೆನ್ಸು ಕೊಳ್ಳುವವರು ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡದೆ ಹಣ ಕೊಡಬೇಡಿ. ಕೊಂಡ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ.

ತಾಂಡೂರಿನ ಕಾಗಿಣಾ ನದಿ ಮುಂದೆ ಹರಿದು ರಾಷ್ಟ್ರಕೂಟರ ಮಳಖೇಡವನ್ನು ಮುಟ್ಟುತ್ತದೆ. ಆ ದಾರಿಯ ಚಿತ್ರಗಳು ಬಾಕಿ ಉಳಿದಿವೆ. ಗೋಡೆಯ ಮೇಲೆ ಈಗ ಮೂರೇ ಚಿತ್ರಗಳು. ಗಣಿಯದಕ್ಕೆ ಜಾಗ ಬಿಟ್ಟಿದ್ದೇವೆ.