ಮೊಂಟೆವಿಡಿಯೊದ ಕೆಂಡದೂಟ

ಮೊಂಟೆವಿಡಿಯೊದಲ್ಲಿ ರಾತ್ರಿಯೂಟಕ್ಕೆ ಏಳೂವರೆಗೇ ಹೊರಟರೆ ಖಾಲಿ ಮೇಜುಗಳ ನಡುವೆ ಕೂರಬೇಕಾಗುತ್ತದೆ. ಜನ ಬರತೊಡಗುವುದು ಒಂಬತ್ತು ದಾಟಿದ ಮೇಲೆ. ಹತ್ತರ ಹೊತ್ತಿಗೆ ಒಳ್ಳೆಯ ರೆಸ್ಟೋರೆಂಟುಗಳಲ್ಲಿ ಕುರ್ಚಿ ಸಿಗುವುದು ಕಷ್ಟ. ಬೆಂಕಿ ಮಾತ್ರ ಅದಕ್ಕೂ ಎಷ್ಟೋ ಮೊದಲೇ ಹೊತ್ತಿಕೊಂಡಿರುತ್ತದೆ. ಉರುಗ್ವೆಯ ಈ ರಾಜಧಾನಿಯಲ್ಲಿ ಸ್ಟೇಕ್ ತಿನ್ನಲು ಹೋಗುವವರು ಮೊದಲು ನೋಡಬೇಕಾದದ್ದು ಮೆನು ಅಲ್ಲ, ಆ ಬೆಂಕಿ.

ಇಲ್ಲಿನವರು ಇದ್ದಿಲು ಮುಟ್ಟುವುದು ಕಡಿಮೆ, ಸೌದೆಯೇ ಬೇಕು. ಒಲೆಯ ಒಂದು ಮಗ್ಗುಲಿಗೆ ಕಬ್ಬಿಣದ ಬುಟ್ಟಿಯಂಥದ್ದೊಂದು ಇರುತ್ತದೆ. ಗಟ್ಟಿ ಮರದ ತುಂಡುಗಳು ಅದರಲ್ಲಿ ಉರಿದು ಕೆಂಡ ಕೆಳಗೆ ಉದುರುತ್ತದೆ. ಬಾಣಸಿಗ ಆ ಕೆಂಡವನ್ನು ಉದ್ದನೆಯ ಸಲಾಕೆಯಿಂದ ಎಳೆದು ಓರೆಯಾಗಿ ನಿಲ್ಲಿಸಿದ ಸರಳುಗಳ ಅಡಿಗೆ ಹರಡುತ್ತಾನೆ. ಮಾಂಸಕ್ಕೆ ಜ್ವಾಲೆ ತಾಕಬಾರದು, ಕೆಂಡದ ಕಾವು ಮಾತ್ರ ಸಾಕು. ಹೆಚ್ಚು ಬಿಸಿ ಬೇಕಾದದ್ದು ಸರಳಿನ ತಗ್ಗಿಗೆ, ನಿಧಾನ ಬೇಯಬೇಕಾದದ್ದು ಏರಿಗೆ. ವಪೆಯ ತೆಳು ಪಟ್ಟಿ, ಇವರು ಎಂತ್ರಾಞ್ಞಾ ಎನ್ನುವುದು, ಕೆಲವೇ ನಿಮಿಷಗಳಲ್ಲಿ ಆಗಿಬಿಡುತ್ತದೆ. ಪಕ್ಕೆಲುಬಿನ ಅಸಾದೊಗೆ ಗಂಟೆಗಟ್ಟಲೆ ಕಾಯಬೇಕು. ಮಸಾಲೆ ಎಂದರೆ ಕಲ್ಲುಪ್ಪು, ಅಷ್ಟೇ. ಬೆಳ್ಳುಳ್ಳಿ, ಪಾರ್ಸ್ಲಿ, ಎಣ್ಣೆ, ವಿನೆಗರ್ ಕಲಸಿದ ಚಿಮಿಚುರಿ ಬಟ್ಟಲಲ್ಲಿ ಬೇರೆಯಾಗಿ ಬರುತ್ತದೆ, ಬೇಕಾದವರು ಹಚ್ಚಿಕೊಳ್ಳಬಹುದು. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ರುಚಿ ತೆಗೆಯುವ ಕೈಗಳ ಬಗ್ಗೆ ನನಗಿರುವುದು ಶುದ್ಧ ಗೌರವ.

ಈ ವಿದ್ಯೆ ದುಬಾರಿ ಹೋಟೆಲುಗಳ ಸ್ವತ್ತಲ್ಲ. ಕಟ್ಟಡ ಕೆಲಸಗಾರರು ಶುಕ್ರವಾರ ಮಧ್ಯಾಹ್ನ ಕೆಲಸದ ಜಾಗದಲ್ಲೇ ಸೌದೆ ಹಾಕಿ, ಸೀಳಿದ ತಗಡಿನ ಡ್ರಮ್ಮಿನ ಮೇಲೆ ಸರಳಿಟ್ಟು ಮಾಡುವುದೂ ಇದೇ ಅಡುಗೆ. ಬಿಳಿ ಬಟ್ಟೆ ಹಾಸಿದ ಮೇಜಿನಲ್ಲಿ ಹೆಚ್ಚಿನ ಹಣಕ್ಕೆ ಸಿಗುವುದು ಮಾಂಸದ ಆಯ್ಕೆ, ವೈನ್ ಪಟ್ಟಿ, ಕಿಟಕಿಯಾಚೆಯ ನೀರು. ಬೆಂಕಿ ಎರಡೂ ಕಡೆ ಒಂದೇ ಎಂಬುದರಲ್ಲೇ ಈ ಊರಿನ ಊಟದ ಘನತೆ ಇದೆ.

ಕಿಟಕಿಯಾಚೆ ಕಾಣುವುದನ್ನು ಇಲ್ಲಿಯವರು ನದಿ ಎನ್ನುತ್ತಾರೆ. ರಿಯೊ ದೆ ಲಾ ಪ್ಲಾತಾ ಅಟ್ಲಾಂಟಿಕ್ ಸೇರುವ ಬಾಯಿ 200 ಕಿಲೋಮೀಟರಿಗೂ ಅಗಲ, ಆಚೆ ದಡ ಕಾಣುವುದಿಲ್ಲ. ದಡದುದ್ದಕ್ಕೂ ರಾಂಬ್ಲಾ ಎಂಬ ದಂಡೆ ರಸ್ತೆ 20 ಕಿಲೋಮೀಟರಿಗೂ ಹೆಚ್ಚು ಸಾಗುತ್ತದೆ. ಪುಂತಾ ಕರೆತಾಸ್, ಪೊಸಿತೋಸ್, ಪೂರ್ವದ ಕರಾಸ್ಕೊ ಎಂಬ ಅನುಕೂಲಸ್ಥರ ಬಡಾವಣೆಗಳಿರುವುದು ಇದೇ ದಂಡೆಯಲ್ಲಿ. ಹೆಸರುವಾಸಿ ಸ್ಟೇಕ್ ರೆಸ್ಟೋರೆಂಟುಗಳೂ ಹೆಚ್ಚಾಗಿ ಇಲ್ಲೇ. ಪುಂತಾ ಕರೆತಾಸಿನಲ್ಲಿ ಊಟಕ್ಕೆ ಮುನ್ನ ಜನ ಸುತ್ತಾಡುವ ಶಾಪಿಂಗ್ ಮಾಲ್ ಒಂದು ಕಾಲದ ಜೈಲು. 1971ರ ಸೆಪ್ಟೆಂಬರಿನಲ್ಲಿ ನೂರಕ್ಕೂ ಹೆಚ್ಚು ಕೈದಿಗಳು ಸುರಂಗ ಕೊರೆದು ಅಲ್ಲಿಂದ ಪಾರಾದರು. ಅವರಲ್ಲೊಬ್ಬರಾದ ಹೊಸೆ ಮುಹಿಕಾ 2010ರಲ್ಲಿ ದೇಶದ ಅಧ್ಯಕ್ಷರಾದರು. ಜೈಲಿನ ಹೆಬ್ಬಾಗಿಲು ಮಾಲಿನೊಳಗೆ ಇಂದಿಗೂ ನಿಂತಿದೆ.

ಹಳೆಯ ಊರಿನ ಬಂದರು ಮಾರುಕಟ್ಟೆ, ಮೆರ್ಕಾದೊ ದೆಲ್ ಪುಯೆರ್ತೊ, ಬೇರೆಯೇ ಲೋಕ. 1868ರಲ್ಲಿ ತೆರೆದ ಈ ಕಬ್ಬಿಣದ ಛಾವಣಿಯ ಕಟ್ಟಡದಲ್ಲಿ ಮೊದಲು ತರಕಾರಿ, ಹಣ್ಣು, ಮಾಂಸ ಮಾರುತ್ತಿದ್ದರು. ಈಗ ಸಾಲು ಸಾಲು ಒಲೆಗಳು. 1958ರಿಂದ ನಡೆಯುತ್ತಿರುವ ಎಲ್ ಪಲೆಂಕೆ ಇಲ್ಲಿನ ಹೆಸರಾಂತ ಜಾಗ. ಬೆಲೆ ಹೆಚ್ಚೆಂದು ಊರಿನವರು ಗೊಣಗುತ್ತಾರೆ, ಹಡಗಿನಿಂದಿಳಿದ ಪ್ರವಾಸಿಗರ ಗದ್ದಲವೂ ಇರುತ್ತದೆ. ಆದರೂ ಕಟ್ಟೆಯ ಮುಂದೆ ಎತ್ತರದ ಸ್ಟೂಲಿನಲ್ಲಿ ಕೂತು, ಕಣ್ಣೆದುರೇ ಬೇಯುತ್ತಿರುವ ತುಂಡನ್ನು ತೋರಿಸಿ ಇದು ಕೊಡಿ ಎನ್ನುವ ಸುಖ ದಂಡೆಯ ರೆಸ್ಟೋರೆಂಟುಗಳಲ್ಲಿಲ್ಲ. ಪಕ್ಕದ ರೊಲ್ದೋಸ್ ಬಾರಿನಲ್ಲಿ ಮೆದಿಯೊ ಇ ಮೆದಿಯೊ, ಅಂದರೆ ನೊರೆವೈನಿಗೆ ಬಿಳಿ ವೈನ್ ಬೆರೆಸಿದ ಪಾನೀಯ, ಒಂದು ಲೋಟ ಕುಡಿದೇ ಮುಂದೆ ಹೋಗುವುದು ವಾಡಿಕೆ.

ಇಷ್ಟು ಮಾಂಸ ಎಲ್ಲಿಂದ? ಸ್ಪ್ಯಾನಿಷ್ ಗವರ್ನರ್ ಎರ್ನಾಂದಾರಿಯಾಸ್ 17ನೇ ಶತಮಾನದ ಆರಂಭದಲ್ಲಿ ಈ ಹುಲ್ಲುಗಾವಲಿಗೆ ದನಗಳನ್ನು ತಂದುಬಿಟ್ಟ. ಊರು ಹುಟ್ಟುವ ಹೊತ್ತಿಗೆ ಅವು ಕಾಡುದನಗಳಾಗಿ ಬಯಲು ತುಂಬಿದ್ದವು. ಇಂದು ಸುಮಾರು 35 ಲಕ್ಷ ಜನರ ದೇಶದಲ್ಲಿ ದನಗಳ ಸಂಖ್ಯೆ ಕೋಟಿ ಮೀರುತ್ತದೆ. 2006ರ ಕಾನೂನು ಪ್ರತಿ ದನಕ್ಕೂ ಕಿವಿಯೋಲೆಯ ಗುರುತನ್ನು ಕಡ್ಡಾಯ ಮಾಡಿದೆ. ಯಾವ ಹೊಲದಲ್ಲಿ ಹುಟ್ಟಿತು, ಎಲ್ಲೆಲ್ಲಿ ಮೇಯಿತು ಎಂಬ ದಾಖಲೆ ಅದರೊಂದಿಗೇ ಸಾಗುತ್ತದೆ. ಹೆಚ್ಚಿನವು ಬಯಲಿನ ಹುಲ್ಲು ಮೇಯ್ದವು. ಹಾಗಾಗಿ ಮಾಂಸದಲ್ಲಿ ಕೊಬ್ಬು ಕಡಿಮೆ, ರುಚಿ ಗಾಢ.

ಅದಕ್ಕೆ ಜೋಡಿ ತನ್ನಾತ್. ನೈಋತ್ಯ ಫ್ರಾನ್ಸಿನ ಮಾದಿರಾನ್ ಸೀಮೆಯ ಈ ಕಪ್ಪು ದ್ರಾಕ್ಷಿಯನ್ನು 1870ರ ದಶಕದಲ್ಲಿ ಬಾಸ್ಕ್ ವಲಸಿಗ ಪಾಸ್ಕುವಾಲ್ ಹರಿಯಾಗೆ ಉತ್ತರದ ಸಾಲ್ತೊದಲ್ಲಿ ಬೆಳೆದು ಹಬ್ಬಿಸಿದ. ಅದರ ಟ್ಯಾನಿನ್ ಎಳೆ ಅಡಿಕೆಯ ಚೊಗರಿನಂತೆ ನಾಲಿಗೆ ಹಿಡಿಯುತ್ತದೆ. ಬರೀ ಕುಡಿದರೆ ಒರಟು. ಕೊಬ್ಬಿನಂಚಿರುವ ಒಂದು ತುತ್ತು ಬಾಯಿಗಿಟ್ಟು ಗುಟುಕರಿಸಿದರೆ ಟ್ಯಾನಿನ್ ಮಾಂಸದ ಪ್ರೋಟೀನಿಗೆ ಅಂಟಿಕೊಂಡು ಒಗರು ಇಳಿಯುತ್ತದೆ, ಹಣ್ಣಿನ ರುಚಿ ಮೇಲೆ ಬರುತ್ತದೆ. ಅರ್ಜೆಂಟೀನಾದ ಮಾಲ್ಬೆಕ್ ಮೃದು ಎಂದು ಹಲವರು ಅದನ್ನೇ ಕೇಳುತ್ತಾರೆ. ಇಲ್ಲಿಗೆ ಬಂದು ತನ್ನಾತ್ ಬಿಟ್ಟು ಬೇರೆ ಕೆಂಪು ವೈನ್ ತರಿಸುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 2016ರಲ್ಲಿ ವಾಹನ ಓಡಿಸುವವರ ರಕ್ತದ ಮದ್ಯದ ಮಿತಿಯನ್ನು ಸೊನ್ನೆಗಿಳಿಸಿದ ದೇಶವಿದು. ಹೋಗುವುದು ಟ್ಯಾಕ್ಸಿಯಲ್ಲೇ ಇರಲಿ.

ಟಿಸಿಎಸ್ 2002ರಲ್ಲಿ ಇಲ್ಲಿ ಕೇಂದ್ರ ತೆರೆದ ಮೇಲೆ ಭಾರತದ ಎಂಜಿನಿಯರುಗಳೂ ಈ ಊರಿಗೆ ಹೊಸಬರಲ್ಲ. ಅವರಲ್ಲಿ ಮಾಂಸ ತಿನ್ನದವರಿಗೆ ಕೆಂಡದ ಮೇಲೆ ಕರಗುವ ಪ್ರೊವೊಲೆತಾ ಚೀಸ್, ಸುಟ್ಟ ದೊಣ್ಣೆಮೆಣಸು, ಆಲೂಗಡ್ಡೆ ಸಿಗುತ್ತವೆ. ಪ್ರತಿ ತಿಂಗಳ 29ರಂದು ಞೋಕಿ ಎಂಬ ಆಲೂಗಡ್ಡೆಯ ಪುಟ್ಟ ಉಂಡೆಗಳನ್ನು ತಿನ್ನುವ ಪದ್ಧತಿಯೂ ಇದೆ.

ಮರುದಿನ ಬಿಡುವಿದ್ದರೆ ನಗರದಂಚಿನ ಮೆಲಿಯಾದಲ್ಲಿರುವ ಬೌಸಾ ದ್ರಾಕ್ಷಿತೋಟಕ್ಕೆ ಹೋಗಿ. ಹಳೆಯ ಕಾರುಗಳ ಸಂಗ್ರಹವೂ ಒಂದು ರೆಸ್ಟೋರೆಂಟೂ ಅಲ್ಲಿವೆ. ಜಾಗ ಮೊದಲೇ ಕಾಯ್ದಿರಿಸಬೇಕು.